ಮನೆಯ ಸುದ್ದಿ, ಊರ ಸೇವೆ

(ಶ್ರೀಮಠದ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಉಪನ್ಯಾಸ)

ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೂಕುಗಳ ಊರೂರುಗಳಿಂದ ನೆರೆದಿರುವ ಶರಣಬಂಧುಗಳೆ, ತಾಯಂದಿರೆ,

ಇಂತಹ ಮಹೋತ್ಸವಗಳಲ್ಲಿ ಅಷ್ಟಾವರಣ, ಪಂಚಾಚಾರ, ಷಟ್‌ಸ್ಥಲಗಳನ್ನು ಕುರಿತು ಮಾತನಾಡುವದು ವಾಡಿಕೆಯಾಗಿರುತ್ತದೆ. ಪಾಠಶಾಲೆಯ ಜಗುಲಿಯ ಮೇಲೆ ಬೆಳೆದವರಿಗೆ ಅದೇ ಸುಲಭವಾದ ಹಾದಿಯೂ ಹೌದು. ಆದರೆ ಈ ಸಲ ಶ್ರೀಗಳವರ ಅಪ್ಪಣೆಯು ಬೇರೊಂದು ತೆರನಾಗಿದೆ. ಭಕ್ತರ ಮನೆಗಳಲ್ಲಿ ದಿನದಿನವೂ ನಡೆಯುವ ತೊಟ್ಟಿಲು, ಮದುವೆ, ಮರಣಗಳೆಂಬ ಸಾಮಾನ್ಯ ಸಂಗತಿಗಳನ್ನೇ ಎತ್ತಿಕೊಂಡು, ಅವುಗಳಲ್ಲಿ ಊರಿನ ಪಾಲು ಎಷ್ಟೆಂಬದನ್ನು ವಿವೇಚಿಸಬೇಕೆಂದು ಅವರು ಬೆಸಸಿರುವರು. ವಿಷಯವು ನೋಡಲಿಕ್ಕೆ ಚಿಕ್ಕದು. ಆದರೆ ಧರ್ಮದ ಬೀಜವೆಲ್ಲವೂ ಅದರಲ್ಲಿಯೇ ಅಡಗಿರುವದೆಂಬದನ್ನು ತಮ್ಮ ಮುಂದಿಡಲು ಯತ್ನಿಸುವೆನು.

ನಮ್ಮ ಕಡೆಯ ಒಂದು ಮನೆಯ ಆಯುಷ್ಯವನ್ನು ನೋಡಿರಿ. ಸೊಸೆಯು ಬಸಿರಾದಳೆಂದರೆ ಕುಬಸದ ಕಾರ್ಯ. ಕೂಸು ಹುಟ್ಟಿತೆಂದರೆ ಲಿಂಗಧಾರಣ, ತೊಟ್ಟಿಲು, ಗುಗ್ಗರಿ ಹಂಚುವದು. ಮುಂದೆ ಜವಳ, ಅಕ್ಷರಾಭ್ಯಾಸ, ದೀಕ್ಷೆ. ಹರೆಯಕ್ಕೆ ಬಂದ ಮೇಲೆ ನಿಶ್ಚಯ, ಹಂದರ, ಅಕ್ಷತೆ. ಹೊಸ ಮನೆ ಕಟ್ಟಿದರೆ ಒಕ್ಕಲು. ಕಡೆಯಲ್ಲಿ ಲಿಂಗೈಕ್ಯವು ಮತ್ತು ಶಿವಗಣಾರಾಧನೆ. ಇವುಗಳಲ್ಲಿ ಯಾವ ಒಂದನ್ನಾದರೂ ಮನೆಯವರಷ್ಟೇ ಕದ ಹಾಕಿಕೊಂಡು ಮಾಡಲು ಬರುವದೇನು? ಉಡಿ ತುಂಬಲಿಕ್ಕೆ ನೆರೆಯ ಮುತ್ತೈದೆಯರು ಬೇಕು. ತೊಟ್ಟಿಲು ತೂಗಿ ಹೆಸರು ಕರೆಯಲಿಕ್ಕೆ ಸೋದರತ್ತೆಯು ಬೇಕು. ಹಂದರಗಂಬ ನಿಲ್ಲಿಸಲಿಕ್ಕೆ ಓಣಿಯ ಗಂಡಸರು ಬೇಕು. ವಿಮಾನವನ್ನು ಹೊರಲಿಕ್ಕೆ ಪರರ ಹೆಗಲು ಬೇಕು. ಅಂದಬಳಿಕ ಮನೆಯ ಕಾರ್ಯವೆಂಬದು ಹೆಸರಿಗೆ ಮಾತ್ರ ಮನೆಯದು, ನಡೆಯುವದು ಊರಿನಿಂದಲೇ.

ಈ ಸತ್ಯವನ್ನು ನಮ್ಮ ಹೆಣ್ಣುಮಕ್ಕಳು ಪಂಡಿತರಿಗಿಂತ ಮೊದಲೇ ಅರಿತಿದ್ದರು. ಬೀಸುವ ಕಲ್ಲಿನ ಮುಂದೆ, ತೊಟ್ಟಿಲಿನ ಬಳಿಯಲ್ಲಿ, ಮದುವೆಯ ಹಂದರದಲ್ಲಿ ಅವರು ಹಾಡಿದ ಪದಗಳೆಲ್ಲವೂ ಮನೆಯ ಚರಿತ್ರೆಗಳೇ ಆಗಿರುವವು. ಗೋಕಾಕ ತಾಲೂಕಿನ ಬೆಟಗೇರಿಯವರಾದ, ‘ಆನಂದಕಂದ’ರೆಂದು ನಾಡಿಗೆ ಪರಿಚಿತರಾದ ಬೆಟಗೇರಿ ಕೃಷ್ಣಶರ್ಮರು ಜನಪದದ ಹಾಡುಗಳನ್ನು ಸಂಗ್ರಹಿಸಿ, ‘ಜಯಂತಿ’ ಎಂಬ ಮಾಸಪತ್ರಿಕೆಯನ್ನು ನಡೆಸಿ, ಹಳ್ಳಿಯ ಬಾಳಿಗೆ ಸಾಹಿತ್ಯದಲ್ಲಿ ಸ್ಥಾನವನ್ನು ದೊರಕಿಸಿದರು. ಅರಸರ ಮನೆಯಲ್ಲಿ ಕೂಸು ಹುಟ್ಟಿದರೆ ಶಾಸನವು; ಒಕ್ಕಲಿಗನ ಮನೆಯಲ್ಲಿ ಹುಟ್ಟಿದರೆ ಒಂದು ಜೋಗುಳವು. ಜೋಗುಳಕ್ಕೆ ಕಲ್ಲು ಬೇಕಾಗಿಲ್ಲ. ನೆನಪಿಟ್ಟುಕೊಳ್ಳುವ ನೆರೆಹೊರೆಯು ಬೇಕು.

ಇನ್ನು ಶಾಸ್ತ್ರದ ಮಾತಿಗೆ ಬರೋಣ. ಹನ್ನೆರಡನೆಯ ಶತಮಾನದ ಶರಣರು ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳನ್ನು ನಿರಾಕರಿಸಿದರೆಂಬದು ತಮಗೆಲ್ಲ ತಿಳಿದ ವಿಷಯವೇ. ಲಿಂಗವನ್ನು ಅಂಗದ ಮೇಲೆ ಧರಿಸಿದವನಿಗೆ ಮೈಲಿಗೆಯಿಲ್ಲವೆಂಬದು ಅದಕ್ಕೆ ಕೊಡುವ ಸಾಮಾನ್ಯವಾದ ಕಾರಣವು. ಈ ಕಾರಣವು ಸರಿಯಾದದ್ದೇ. ಆದರೆ ಅಷ್ಟಕ್ಕೆ ನಿಂತರೆ ಅರ್ಧ ಅರ್ಥವನ್ನು ಮಾತ್ರ ತಿಳಿದಂತಾಯಿತು. ಸೂತಕವು ಲೋಕದಲ್ಲಿ ಮಾಡುವ ಕೆಲಸವೇನೆಂಬದನ್ನು ವಿಚಾರಿಸಿರಿ. ಅದು ಬಾಗಿಲನ್ನು ಮುಚ್ಚುತ್ತದೆ. ಕೂಸು ಹುಟ್ಟಿದ ಮನೆಗೆ ಇಂತಿಷ್ಟು ದಿನ ಹೋಗಬಾರದು. ಸತ್ತ ಮನೆಯ ನೀರನ್ನು ಇಂತಿಷ್ಟು ದಿನ ಮುಟ್ಟಬಾರದು. ಇಂಥ ಜಾತಿಯವನು ಒಳಗೆ ಬರಬಾರದು. ಮನುಷ್ಯನಿಗೆ ಮನುಷ್ಯನ ಅಗತ್ಯವು ಯಾವ ಗಳಿಗೆಯಲ್ಲಿ ಅತ್ಯಂತ ಹೆಚ್ಚಾಗಿರುವದೋ ಅದೇ ಗಳಿಗೆಯಲ್ಲಿ ಅವನನ್ನು ಒಂಟಿಯಾಗಿ ಕೂಡ್ರಿಸುವದು ಸೂತಕದ ಲಕ್ಷಣವು. ಬಾಣಂತಿಗೆ ಬಿಸಿನೀರು ಕಾಸಿ ಕೊಡುವವರು ಬೇಕಾದಾಗ ಬಾಗಿಲು ಮುಚ್ಚಿರುತ್ತದೆ. ಅಳುವವರ ಒಲೆಯು ಹೊತ್ತದೆ ಇದ್ದಾಗ ರೊಟ್ಟಿ ತರುವವರು ದೂರ ನಿಲ್ಲುತ್ತಾರೆ.

ಶರಣರು ಈ ಬಾಗಿಲನ್ನು ತೆರೆದರು. ತೆರೆದುದು ಒಳಗಿನವರು ಹೊರಗೆ ಬರಲೆಂದಷ್ಟೇ ಅಲ್ಲ; ಹೊರಗಿನವರು ಒಳಗೆ ಹೋಗಲೆಂದು. ಆದುದರಿಂದ ಸೂತಕವಿಲ್ಲವೆಂಬ ಮಾತು ನಮಗೆ ಕೇವಲ ವಿನಾಯಿತಿಯಲ್ಲ, ಹೊಣೆಯು. “ನಮಗೆ ಸೂತಕವಿಲ್ಲ” ಎಂದು ಹೇಳಿಕೊಂಡು ನೆರೆಯವನ ಸಾವಿಗೆ ಹೋಗದೆ ಇರುವವನು ಸೂತಕವನ್ನು ಬಿಟ್ಟವನಲ್ಲ. ಅದನ್ನು ಸೋಮಾರಿತನದಿಂದ ಆಚರಿಸುವವನು.

ಕಲ್ಯಾಣದ ಚರಿತ್ರೆಯು ಈ ಮಾತಿಗೆ ಸಾಕ್ಷಿಯಾಗಿದೆ. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಆದ ಸಂಬಂಧವು ಎರಡು ಮನೆಗಳ ಕಾರ್ಯವೇ ಆಗಿದ್ದಿತು. ಆದರೆ ಅದರಲ್ಲಿ ಜಾತಿಸೂತಕದ ಬಾಗಿಲು ಮುರಿದ ಕಾರಣ ಆ ಸುದ್ದಿಯು ಅರಮನೆಯನ್ನು ಮುಟ್ಟಿತು. ಬೀಗರಿಬ್ಬರೂ ಪ್ರಾಣವನ್ನು ತೆತ್ತರು. ಶರಣರು ದಿಕ್ಕುದಿಕ್ಕಿಗೆ ಚದುರಿದರು. ಮನೆಯ ಸಂಭ್ರಮವೆಂಬದು ಚಿಕ್ಕ ಸಂಗತಿಯೆಂದು ತಿಳಿದವರು ಈ ಮದುವೆಯನ್ನು ನೆನೆಯಬೇಕು.

ಅದಂತಿರಲಿ. ಇಂದಿನ ನಮ್ಮ ಊರುಗಳಲ್ಲಿ ಯಾವ ಸೂತಕವು ಉಳಿದಿದೆ? ಹಳೆಯ ಐದೂ ಅಲ್ಲಲ್ಲಿ ಉಳಿದಿರುವವು. ಅದನ್ನು ಮರೆಮಾಚುವದರಿಂದ ಪ್ರಯೋಜನವಿಲ್ಲ. ಅವುಗಳ ಜೊತೆಗೆ ಆರನೆಯದೊಂದು ಸೇರಿಕೊಂಡಿದೆ. ಅದು ಬಡತನದ ಸೂತಕವು. ಮದುವೆಗೆ ಕರೆದರೆ ಆಹೇರಿ ಮಾಡಬೇಕು. ಅವರು ನಮಗೆ ಏನು ಮಾಡಿದ್ದರೆಂಬದು ವಹಿಯಲ್ಲಿ ಬರೆದಿರುತ್ತದೆ. ಅದಕ್ಕೆ ಕಡಿಮೆ ಮಾಡಿದರೆ ಮಾನ ಹೋಗುತ್ತದೆ. ಆದ್ದರಿಂದ ಹೋಗದಿರುವದೇ ಮೇಲು ಎಂದು ಬಡವನು ಮನೆಯಲ್ಲಿ ಉಳಿಯುತ್ತಾನೆ. ಮುಂದೆ ಅವನ ಮನೆಯ ಕಾರ್ಯಕ್ಕೆ ಇವರೂ ಬರುವದಿಲ್ಲ. ಎರಡು ಮನೆಗಳ ನಡುವಿನ ಬಾಗಿಲು ಹೀಗೆ ಸದ್ದಿಲ್ಲದೆ ಮುಚ್ಚುತ್ತದೆ. ಮತ್ತೊಬ್ಬನು ಮಾನಕ್ಕೆ ಅಂಜಿ ಹೊಲವನ್ನು ಒತ್ತೆಯಿಟ್ಟು ಮಗಳ ಮದುವೆ ಮಾಡುತ್ತಾನೆ. ಅಕ್ಷತೆಯು ಒಂದು ಗಳಿಗೆ. ಸಾಲವು ಹತ್ತು ವರುಷ. ವರದಕ್ಷಿಣೆಯನ್ನು 1961ರ ಕಾಯಿದೆಯು ನಿಷೇಧಿಸಿ ಆರು ದಶಕಗಳು ಕಳೆದರೂ ಅದು ಹೆಸರನ್ನು ಬದಲಿಸಿಕೊಂಡು ಹಂದರದೊಳಗೆ ನುಸುಳುವದನ್ನು ನಾವೆಲ್ಲರೂ ಕಂಡಿದ್ದೇವೆ.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನವರ ವೃತ್ತಾಂತವನ್ನು ಸ್ಮರಿಸತಕ್ಕದ್ದು. ಪತಿಯಾದ ಮಾರಯ್ಯನವರು ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವ ಕಾಯಕದವರು. ಒಂದು ದಿನ ನಿತ್ಯದ ನೇಮಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಹರ್ಷಪಡಲಿಲ್ಲ. ಹೆಚ್ಚಾದದ್ದನ್ನು ಮರಳಿ ಅಲ್ಲಿಯೇ ಚೆಲ್ಲಿ ಬರಬೇಕೆಂದು ಪತಿಯನ್ನು ತಿರುಗಿ ಕಳಿಸಿದರು. ಜಂಗಮದಾಸೋಹಕ್ಕೇ ಅಳತೆಯನ್ನು ಕಟ್ಟಿದ ಆ ತಾಯಿಯು ನಮ್ಮ ಇಂದಿನ ಮದುವೆಯ ಊಟದ ಎಲೆಗಳನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ! ಆಕೆ ಬಡತನವನ್ನು ಹೊಗಳಿದವರಲ್ಲ. ಕೈಯ ದುಡಿಮೆಗೆ ಮೀರಿದ್ದು ತಮ್ಮದಲ್ಲವೆಂದು ಬಲ್ಲವರು. ಸಾಲದಿಂದ ಮಾಡಿದ ಸಂಭ್ರಮವು ಪರರ ಅಕ್ಕಿಯಲ್ಲದೆ ಮತ್ತೇನು?

ಬಡತನದ ಸೂತಕವು ಎಲ್ಲಕ್ಕಿಂತ ಮೊದಲು ಅಂಟಿಕೊಳ್ಳುವದು ಸುದ್ದಿಗೆ. ಆದುದರಿಂದ ಸುದ್ದಿಯನ್ನು ಕುರಿತು ನಾಲ್ಕು ಮಾತು. ಹಿಂದೆ ನಮ್ಮ ಊರುಗಳಲ್ಲಿ ಡಂಗುರವಿದ್ದಿತು; ಅಗಸಿಯ ಕಟ್ಟೆಯಿದ್ದಿತು; ಸಂತೆಯಿಂದ ಮರಳಿದವರು ಹತ್ತು ಊರಿನ ವರ್ತಮಾನವನ್ನು ತರುತ್ತಿದ್ದರು. ಮುಂದೆ ಪತ್ರಿಕೆಗಳು ಬಂದವು. ವಚನಗಳ ಸಂಗ್ರಹಕ್ಕಾಗಿ ಬಾಳನ್ನು ಸವೆಯಿಸಿದ ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. 1926ರಲ್ಲಿ ‘ಶಿವಾನುಭವ’ವನ್ನು, 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆಯನ್ನು ಆರಂಭಿಸಿದರು. ಶರಣರ ವಚನಕ್ಕೆ ಒಂದು ಪತ್ರಿಕೆ, ಇಂದಿನ ಜನರ ವರ್ತಮಾನಕ್ಕೆ ಇನ್ನೊಂದು. ಒಂದೇ ಕೈಯು ಎರಡನ್ನೂ ನಡೆಸಿತು. ವಚನವನ್ನು ಓದುವವನು ಊರಿನ ಸುದ್ದಿಯನ್ನು ಅರಿಯದೆ ಇರಬಾರದೆಂಬದು ಇದರಿಂದ ಸ್ಪಷ್ಟವಾಗುವದು. ನಮ್ಮ ಗೋಕಾಕ ತಾಲೂಕಿನ ಮಲಾಮರಡಿಯಲ್ಲಿ 1919ರಲ್ಲಿ ಜನಿಸಿದ ಬಸವರಾಜ ಕಟ್ಟೀಮನಿಯವರು ಪತ್ರಕರ್ತರಾಗಿ, ಕಾದಂಬರಿಕಾರರಾಗಿ ದುಡಿಯುವವರ ಗೋಳನ್ನು ಬರೆದರು. ‘ಜರತಾರಿ ಜಗದ್ಗುರು’ವನ್ನು ಬರೆದು ಮಠಾಧಿಪತಿಗಳನ್ನೂ ಬಿಡಲಿಲ್ಲ. ಮಠದ ಗ್ರಂಥದಲ್ಲಿ ಅವರ ಹೆಸರೇಕೆಂದು ಯಾರಾದರೂ ಕೇಳಬಹುದು. ತನ್ನನ್ನು ಹೊಗಳುವ ಸುದ್ದಿಯನ್ನು ಮಾತ್ರ ಕೇಳುವ ಮಠವು ಬೇಗನೆ ಕಿವುಡಾಗುವದು. ಆದುದರಿಂದ ಅವರ ಹೆಸರು ಇಲ್ಲಿ ಇರತಕ್ಕದ್ದೇ.

ಈಗ ಕೈಕೈಗೆ ಮೊಬೈಲು ಬಂದಿದೆ. ಗಳಿಗೆಯೊಳಗೆ ಸುದ್ದಿಯು ಪುಣೆ, ಬೆಂಗಳೂರು, ಹೊರದೇಶಗಳನ್ನು ಮುಟ್ಟುತ್ತದೆ. ಇದು ದೊಡ್ಡ ಉಪಕಾರವೇ. ಆದರೆ ಸುದ್ದಿಯನ್ನು ತಿಳಿಯುವದು ಬೇರೆ, ಸುದ್ದಿಗೆ ಓಗೊಡುವದು ಬೇರೆ. ಇದಕ್ಕೆ ನಾನು ಕಣ್ಣಾರೆ ಕಂಡ ಒಂದು ನಿದರ್ಶನವನ್ನು ಹೇಳುವೆನು. ಘಟಪ್ರಭೆಯ ದಂಡೆಯ ಒಂದು ಹಳ್ಳಿ. ಹೆಸರು ಬೇಡ, ಯಾವ ಹಳ್ಳಿಯಾದರೂ ಆಗಬಹುದು. ಆ ದಿನ ಅಗಸಿಯ ಮುಂದೆ ಒಬ್ಬ ಮುಂದಾಳುವಿನ ಹುಟ್ಟುಹಬ್ಬದ ದೊಡ್ಡ ಫ್ಲೆಕ್ಸುಗಳನ್ನು ಕಟ್ಟಿದ್ದರು. ಅದೇ ಬೆಳಗಿನಲ್ಲಿ ಓಣಿಯ ಕಡೆಯ ಮನೆಯಲ್ಲಿ ಕೂಲಿಯಿಂದ ಬಾಳಿದ ಒಬ್ಬ ಮುದುಕಿಯು ಲಿಂಗೈಕ್ಯಳಾದಳು. ಮಗನು ಪುಣೆಯಲ್ಲಿ ದುಡಿಯುವವನು, ಬಸ್ಸು ಹಿಡಿದಿದ್ದನು. ಮಗಳು ಒಬ್ಬಳೇ ಹೆಣದ ಬಳಿ ಕುಳಿತಿದ್ದಳು. ಸುದ್ದಿಯು ಊರಿನ ಎಲ್ಲ ಮೊಬೈಲುಗಳಿಗೂ ಹೋಗಿದ್ದಿತು. ನೂರಾರು ಜನರು ಕೈಮುಗಿದ ಚಿತ್ರವನ್ನು ಕಳಿಸಿ ಕೈತೊಳೆದುಕೊಂಡಿದ್ದರು. ಮಧ್ಯಾಹ್ನವಾದರೂ ಗುಣಿ ತೋಡುವವರಿಲ್ಲ, ಬಿದಿರು ತಂದು ವಿಮಾನ ಕಟ್ಟುವವರಿಲ್ಲ. ಕಟ್ಟಕಡೆಗೆ ಆಚೆಯ ಕೇರಿಯ ಎಂಟು ಜನ ಹುಡುಗರು, ಆ ಮುದುಕಿಯ ಜೊತೆಗೆ ಕಬ್ಬಿನ ಹೊಲದಲ್ಲಿ ಕಸ ತೆಗೆದ ಹೆಂಗಸರ ಮಕ್ಕಳು, ಸಲಿಕೆ ಗುದ್ದಲಿಗಳನ್ನು ಹಿಡಿದುಕೊಂಡು ಬಂದರು. ಅದುವರೆಗೆ ಬಾರದಿದ್ದ ಹಿರಿಯರೊಬ್ಬರು ಆಗ ಬಂದು, ವಿಮಾನವನ್ನು ಇವರು ಮುಟ್ಟಬಹುದೇನು ಎಂದು ಪ್ರಶ್ನೆಯನ್ನೆತ್ತಿದರು. ಶಾಸ್ತ್ರವನ್ನು ಹೇಳಿರೆಂದು ನನ್ನ ಕಡೆಗೆ ನೋಡಿದರು. ನಾನು ಬಾಯಿ ತೆರೆಯುವದರೊಳಗೆ ಆ ಮಗಳು ಎದ್ದು ನಿಂತು, “ಕಾಕಾ, ಹೊತ್ತು ಮುಳಗಾಕ ಬಂತು. ನಮ್ಮವ್ವನ್ನ ಹೊರಾಕ ಬಂದವರಽ ನಮ್ಮವರು” ಎಂದಳು. ಪಂಚಸೂತಕನಿರಸನದ ಮೇಲೆ ನಾನು ಪಾಠಶಾಲೆಯಲ್ಲಿ ಓದಿದ ಯಾವ ವ್ಯಾಖ್ಯಾನವೂ ಇದಕ್ಕಿಂತ ನೇರವಾಗಿಲ್ಲ. ನಾನು ಹೇಳುವದೇನೂ ಉಳಿದಿರಲಿಲ್ಲ. ಆ ಹುಡುಗರೇ ಹೊತ್ತರು. ಹಿರಿಯರು ಸ್ವಲ್ಪ ಹೊತ್ತು ನಿಂತು, ಅನಂತರ ತಾವೂ ಹಿಂದಿನಿಂದ ನಡೆದು ಬಂದರು.

ಈ ಹುಡುಗರು ಮಾಡಿದ ಕೆಲಸಕ್ಕೆ ಇಂದು ‘ಸ್ವಯಂಸೇವೆ’ ಎಂಬ ಹೆಸರಿದೆ. ಹೆಸರು ಹೊಸದು, ವಸ್ತುವು ಹಳೆಯದು. ಒಬ್ಬನ ಹೊಲಕ್ಕೆ ಹತ್ತು ಮಂದಿ ಹೋಗಿ ಬಿತ್ತಿ, ಅವನು ಆ ಹತ್ತು ಮಂದಿಯ ಹೊಲಕ್ಕೆ ಹೋಗುವ ಮುಯ್ಯಾಳಿನ ಪದ್ಧತಿಯನ್ನು ನಮ್ಮ ಒಕ್ಕಲಿಗರು ಬಲ್ಲರು. ಸೊನ್ನಲಿಗೆಯ ಸಿದ್ಧರಾಮರು ಕೆರೆಯನ್ನು ಕಟ್ಟಿಸಿದುದು, ಜನರ ಕೈಗಳನ್ನು ಒಂದು ಕಾರ್ಯಕ್ಕೆ ಕೂಡಿಸಿದುದು ಶರಣಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಇತ್ತೀಚಿನ ಕಾಲಕ್ಕೆ ಬಂದರೆ, ಸ್ವಯಂಸೇವೆಗೆ ಇಡೀ ದೇಶದಲ್ಲಿ ಒಂದು ಶಿಸ್ತನ್ನು ಕಲಿಸಿದ ಡಾ. ನಾ. ಸು. ಹರ್ಡೀಕರರ ಕರ್ಮಭೂಮಿಯು ಇದೇ ನಮ್ಮ ಘಟಪ್ರಭೆಯಾಗಿದ್ದಿತು. 1923ರಲ್ಲಿ ಅವರು ಹಿಂದುಸ್ತಾನೀ ಸೇವಾದಳವನ್ನು ಸ್ಥಾಪಿಸಿದರು. 1924ರ ಡಿಸೆಂಬರಿನಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ಸಿನ ಅಧಿವೇಶನವು ಕೂಡಿದಾಗ ಸ್ವಯಂಸೇವಕರ ಶಿಸ್ತನ್ನು ಈ ಜಿಲ್ಲೆಯು ಕಣ್ಣಾರೆ ಕಂಡಿತು. 1929ರಲ್ಲಿ ಘಟಪ್ರಭೆಯಲ್ಲಿ ತಲೆಯೆತ್ತಿದ ಕರ್ನಾಟಕ ಆರೋಗ್ಯಧಾಮವು ಡಾ. ಕೊಕಟನೂರ, ಡಾ. ಹರ್ಡೀಕರರಂಥವರ ಸೇವಾಬುದ್ಧಿಯ ಫಲವು.

ಸೇವೆಯೆಂದರೆ ಕೈಯ ದುಡಿಮೆಯಷ್ಟೇ ಅಲ್ಲ. ಕೂಡಿ ಬಾಳುವ ಏರ್ಪಾಡೂ ಸೇವೆಯೇ. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘವನ್ನು ಕಟ್ಟಿದರು. ಆ ದಾರಿಯಲ್ಲಿಯೇ ಹುಕ್ಕೇರಿಯವರು 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವನ್ನು ಸ್ಥಾಪಿಸಿಕೊಂಡರು. ದೇಶದಲ್ಲಿ ಮೊದಲು ಹುಟ್ಟಿದ ಅಂತಹ ಐದು ಸಂಘಗಳಲ್ಲಿ ಅದು ಒಂದು. ಮಕ್ಕಳು ಓದುವ ದೀಪವನ್ನು ಊರವರೇ ಕೂಡಿ ಹೊತ್ತಿಸಿದುದು ಸಣ್ಣ ದಾಸೋಹವಲ್ಲ. ನೆರೆಯ ಸಿರಸಂಗಿಯ ದೇಸಾಯಿ ಲಿಂಗರಾಜರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ವಿದ್ಯಾಭ್ಯಾಸಕ್ಕೆ ಬರೆದಿಟ್ಟರು. ‘ತ್ಯಾಗವೀರ’ರೆಂದು ಜನರು ಅವರನ್ನು ಕರೆದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕೂಡಿ ಕರ್ನಾಟಕ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯನ್ನು ಆರಂಭಿಸಿದರು. ದೇಸಾಯರ ಬಳಿ ಸಂಸ್ಥಾನವಿದ್ದಿತು. ಶಿಕ್ಷಕರ ಬಳಿ ಸಂಬಳವಷ್ಟೇ ಇದ್ದಿತು. ಕೊಡುವ ಮನಸ್ಸಿಗೆ ಆಸ್ತಿಯ ಅಳತೆಯಿಲ್ಲವೆಂಬದಕ್ಕೆ ಈ ಎರಡು ಉದಾಹರಣೆಗಳು ಸಾಕು.

ಇನ್ನು 2019ರ ಆಗಸ್ಟ್ ತಿಂಗಳನ್ನು ಈ ಸಭೆಯಲ್ಲಿ ಯಾರಿಗೂ ನೆನಪಿಸಬೇಕಾಗಿಲ್ಲ. ಸಹ್ಯಾದ್ರಿಯಲ್ಲಿ ಸುರಿದ ಮಳೆಗೆ ಹಿರಣ್ಯಕೇಶಿ, ಘಟಪ್ರಭೆ, ಮಾರ್ಕಂಡೇಯ ನದಿಗಳು ಒಮ್ಮೆಲೆ ಉಕ್ಕಿದವು. ಹಿಡಕಲ್ಲಿನ ಜಲಾಶಯದಿಂದ ನೀರು ಬಿಡುವದು ಅನಿವಾರ್ಯವಾಯಿತು. ಸಂಕೇಶ್ವರದಿಂದ ಗೋಕಾಕದ ಪೇಟೆಯ ವರೆಗೆ, ಮೂಡಲಗಿ ಕಡೆಯ ನದೀತೀರದ ಹಳ್ಳಿಗಳ ವರೆಗೆ ಮನೆಗಳೊಳಗೆ ನೀರು ಹೊಕ್ಕಿತು. ಲೋಳಸೂರ ಸೇತುವೆಯು ಮುಳುಗಿತು. ಮಣ್ಣಿನ ಗೋಡೆಗಳು ಕುಸಿದವು. ಆಗ ಶಾಲೆಗಳೂ ಮಠಗಳೂ ಮದುವೆಯ ಮಂಟಪಗಳೂ ಗಂಜಿಕೇಂದ್ರಗಳಾದವು. ನೆನೆದುಕೊಳ್ಳಿರಿ: ಬೀಗರಿಗೆ ಹುಗ್ಗಿ ಕುದಿಸಿದ ಹಂಡೆಗಳಲ್ಲಿಯೇ ನಿರಾಶ್ರಿತರಿಗೆ ಅನ್ನವು ಬೆಂದಿತು. ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳ ತಾಯಂದಿರು, ತಾವು ಕಂಡರಿಯದ ಜನರಿಗಾಗಿ ಕಟಕ ರೊಟ್ಟಿಗಳನ್ನು ಬಡಿದು, ಶೇಂಗಾ ಚಟ್ನಿಯ ಗಂಟುಗಳೊಡನೆ ಗಾಡಿಗಳಲ್ಲಿ ಕಳಿಸಿದರು. ಆ ರೊಟ್ಟಿಯು ಯಾರ ಮನೆಯದೆಂದು ಅಂದು ಯಾರೂ ಕೇಳಲಿಲ್ಲ. ಐದು ಸೂತಕಗಳೂ, ಆರನೆಯದೂ ಆ ನೀರಿನಲ್ಲಿ ಕೊಚ್ಚಿಹೋಗಿದ್ದವು.

ಮರುವರ್ಷವೇ ಬಂದ ಮಹಾಮಾರಿಯು ಇದಕ್ಕೆ ವಿಪರೀತವಾದ ಪರೀಕ್ಷೆಯನ್ನು ಒಡ್ಡಿತು. ನೆರೆಯು ಜನರನ್ನು ಒಂದೆಡೆಗೆ ಕೂಡಿಸಿತು. ಕೋವಿಡ್ ರೋಗವು ದೂರ ನಿಲ್ಲಿರೆಂದಿತು. ದೂರ ನಿಲ್ಲುವದು ಆಗ ಧರ್ಮವೇ ಆಗಿದ್ದಿತು. ಆದರೂ ಬಾಗಿಲಲ್ಲಿ ಬುತ್ತಿಯನ್ನಿಟ್ಟು ಸರಿದವರು, ಔಷಧವನ್ನು ತಂದುಕೊಟ್ಟವರು, ಸ್ವಕೀಯರೂ ಸಮೀಪಿಸಲಾರದ ಶವಗಳಿಗೆ ಮಣ್ಣು ಕೊಟ್ಟವರು ನಮ್ಮ ನಾಡಿನಲ್ಲಿದ್ದರು. ದೇಹವು ದೂರವಿದ್ದರೂ ಬಾಗಿಲು ಮುಚ್ಚಬೇಕಾಗಿಲ್ಲವೆಂಬದನ್ನು ಅವರು ತೋರಿಸಿದರು.

ಆದರೆ ಪ್ರಶ್ನೆಯೊಂದು ಉಳಿಯುತ್ತದೆ. ನೆರೆ ಬಂದಾಗ ತೆರೆದ ಬಾಗಿಲು ನೆರೆಯಿಳಿದ ಮೇಲೆ ಏಕೆ ಮುಚ್ಚಬೇಕು? ಸಾವಿರ ಜನರ ಆಪತ್ತು ಒಮ್ಮೆಲೆ ಬಂದರೆ ಓಡುವ ನಾವು ಒಬ್ಬಳ ಆಪತ್ತಿಗೆ ಏಕೆ ಏಳಲಾರೆವು? ದೊಡ್ಡ ಆಪತ್ತಿಗೆ ಪತ್ರಿಕೆಯಿದೆ, ಚಿತ್ರವಿದೆ, ಸತ್ಕಾರವಿದೆ. ಓಣಿಯ ಕಡೆಯ ಮನೆಯ ಸಾವಿಗೆ ಇವು ಯಾವವೂ ಇಲ್ಲ. ಫಲವಿಲ್ಲದಲ್ಲಿ ಮಾಡಿದ ಸೇವೆಯೇ ದಾಸೋಹವು. ಉಳಿದದ್ದು ಉಪಕಾರ, ಅದಕ್ಕೂ ಕಡಿಮೆಯಾದದ್ದು ವ್ಯಾಪಾರ.

ಈ ಮಹೋತ್ಸವದ ನೆನಪಿಗೆ ಮಂದಿರ, ಮಹಾದ್ವಾರಗಳನ್ನು ಕಟ್ಟಿಸುವದು ಒಳ್ಳೆಯದೇ. ಅದರೊಡನೆ ಮೂರು ವಿಜ್ಞಾಪನೆಗಳನ್ನು ಶ್ರೀಗಳವರ ಅಪ್ಪಣೆಯಿಂದ ತಮ್ಮ ಮುಂದಿಡುವೆನು.

ಮೊದಲನೆಯದು: ಪ್ರತಿಯೊಂದು ಊರಿನಲ್ಲಿಯೂ ಹತ್ತು ಜನ ತರುಣರು ತಮ್ಮ ಹೆಸರುಗಳನ್ನು ಮಠದ ವಹಿಯಲ್ಲಿ ಬರೆಯಿಸಬೇಕು. ಯಾವ ಜಾತಿಯ, ಯಾವ ಮತದ ಮನೆಯಲ್ಲಿಯೇ ಆಗಲಿ, ಸಾವಿನ ಸುದ್ದಿಯು ಬಂದ ಒಂದು ತಾಸಿನೊಳಗೆ ಅವರು ಆ ಮನೆಯ ಬಾಗಿಲಲ್ಲಿರಬೇಕು. ಗುಣಿಯಾಗಲಿ, ಕಟ್ಟಿಗೆಯಾಗಲಿ, ಆ ಮನೆಯವರ ಪದ್ಧತಿಯಂತೆ ನೆರವಾಗಬೇಕು. ಆ ಮನೆಗೆ ಮೂರು ದಿನದ ರೊಟ್ಟಿಯು ಓಣಿಯಿಂದ ಹೋಗಬೇಕು.

ಎರಡನೆಯದು: ಮಠದ ಅಂಗಳದಲ್ಲಿ ಒಂದು ಕರಿಹಲಗೆಯನ್ನು ನಿಲ್ಲಿಸಿ, ಊರಿನ ಎಲ್ಲ ಮನೆಗಳ ಹುಟ್ಟು, ಮದುವೆ, ಮರಣ, ಮಕ್ಕಳ ಪರೀಕ್ಷೆಯ ಯಶಸ್ಸು ಇವುಗಳನ್ನು ಒಂದೇ ಅಳತೆಯ ಅಕ್ಷರದಲ್ಲಿ ಬರೆಯಬೇಕು. ಸಾಹುಕಾರನ ಮೊಮ್ಮಗನ ತೊಟ್ಟಿಲಿಗೂ ಕೂಲಿಯವಳ ಮಗಳ ತೊಟ್ಟಿಲಿಗೂ ಒಂದೊಂದೇ ಸಾಲು. ಸುದ್ದಿಯಲ್ಲಿ ಸಮಾನತೆಯು ಬಂದರೆ ನಡತೆಯಲ್ಲಿ ಬರುವ ಹಾದಿಯು ತೆರೆಯುವದು.

ಮೂರನೆಯದು: ಮದುವೆಯಲ್ಲಿ ಆಹೇರಿಯ ವಹಿಯನ್ನು ಇಡಬಾರದು. ಕೊಟ್ಟವರ ಹೆಸರನ್ನು ಕೂಗಬಾರದು. ಸಾಲ ಮಾಡಿ ಮದುವೆಮಾಡುವ ಪ್ರಸಂಗ ಬಂದವರು ಸಂಕೋಚಪಡದೆ ಮಠಕ್ಕೆ ಬಂದು ಇಲ್ಲಿಯ ದಾಸೋಹದ ಪ್ರಸಾದದಲ್ಲಿಯೇ ಕಾರ್ಯವನ್ನು ಮುಗಿಸಬೇಕು. ಇದ್ದವರೂ ಹಾಗೆಯೇ ಮಾಡಿ ತೋರಿಸಿದರೆ ಮಾತ್ರ ಇಲ್ಲದವರಿಗೆ ಸಂಕೋಚವು ಹೋಗುವದು. ಆದುದರಿಂದ ಈ ಮೂರನೆಯ ವಿಜ್ಞಾಪನೆಯು ಮುಖ್ಯವಾಗಿ ಉಳ್ಳವರಿಗೆ.

ಶರಣಬಂಧುಗಳೆ, ಮಠವೆಂದರೆ ಕಲ್ಲಿನ ಕಟ್ಟಡವಲ್ಲ. ಬಾಗಿಲು ಮುಚ್ಚದ ಮನೆಯು. ಅದರ ಭಕ್ತನ ಮನೆಯೂ ಹಾಗೆಯೇ ಇರತಕ್ಕದ್ದು. ನಮ್ಮ ಮೂರು ತಾಲೂಕುಗಳಲ್ಲಿ ಹುಟ್ಟಿದ ಯಾವ ಕೂಸೂ ಊರಿಗೆ ಗೊತ್ತಿಲ್ಲದೆ ತೊಟ್ಟಿಲೇರದಿರಲಿ. ಯಾವ ಮುದುಕಿಯೂ ಹೆಗಲಿಗಾಗಿ ಸಂಜೆಯ ವರೆಗೆ ಕಾಯದಿರಲಿ. ಇಷ್ಟಾದರೆ ಈ ಮಹೋತ್ಸವವು ಸಾರ್ಥಕವಾಯಿತೆಂದು ಭಾವಿಸುವೆನು.